ಖೈರುನಬಿಯ ಕೊಂಡಿ ಮತ್ತು ಒಂದೂವರೆ ಓಮ್

ಯಾರಾದರೂ "ಇದು ಭಾಳ ಸರಳ ಐತ್ರಿ" ಎಂದು ಮಾತು ಶುರು ಮಾಡಿದರೆ ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು. ಸರಳ ಎಂದು ಹೇಳಿಸಿಕೊಂಡ ಯಾವುದೂ ಸರಳವಾಗಿದ್ದನ್ನು ಈ ವಯಸ್ಸಿನವರೆಗೆ ಕಂಡಿಲ್ಲ. ಹೋದ ಜನವರಿಯಲ್ಲಿ ನಮ್ಮ ಪಕ್ಕದ ಮನೆಯ ಖೈರುನಬಿಗೆ ಆದದ್ದನ್ನು ಯಾರಿಗೆ ಹೇಳಿದರೂ ಅದು ಸರಳ ಎನ್ನುತ್ತಾರೆ, ಆಮೇಲೆ ಒಬ್ಬೊಬ್ಬರು ಒಂದೊಂದು ವಿವರಣೆ ಕೊಡುತ್ತಾರೆ. ಕೇಳಿ ಕೇಳಿ ಸಾಕಾಗಿ ನಾನೇ ಬರೆಯಲು ಕುಳಿತಿದ್ದೇನೆ.

ಖೈರುನಬಿ ಹುಟ್ಟಿದ್ದು ಹುನಗುಂದದಲ್ಲಿ, ಮದುವೆಯಾಗಿ ಬಂದದ್ದು ಇಳಕಲ್ಲಿಗೆ. ಬಂದ ವರ್ಷವೇ ಅತ್ತೆ ಅವಳನ್ನು ಕೊಂಡಿ ಹಾಕಲು ಕೂರಿಸಿದಳು. ಇಳಕಲ್ ಸೀರೆಯ ಮೈ ನೂಲಿನದು, ಸೆರಗು ರೇಷ್ಮೆಯದು. ಎರಡರ ಹಾಸೂ, ಎಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಎಳೆಗಳೂ, ಬೇರೆ ಬೇರೆ. ಮೈಯ ಒಂದೊಂದು ಎಳೆಯನ್ನೂ ಕುಣಿಕೆ ಮಾಡಿ, ಸೆರಗಿನ ಎಳೆಯ ಕುಣಿಕೆಯೊಳಗೆ ಸಿಕ್ಕಿಸಿ, ಸಾವಿರಾರು ಎಳೆಗಳನ್ನು ಹಾಗೆ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಗಂಟು ಹಾಕುವ ಹಾಗಿಲ್ಲ, ಗಂಟು ಬಿದ್ದರೆ ಸೀರೆಯ ಮೇಲೆ ಕಾಣುತ್ತದೆ. ಮಗ್ಗದ ಮೇಲೆ ಹಾಸನ್ನು ಬಿಗಿದಷ್ಟೂ ಕೊಂಡಿ ಗಟ್ಟಿಯಾಗಿ ಕೂರುತ್ತದೆ. ಖೈರುನಬಿ ಹಾಕಿದ ಕೊಂಡಿ ಬಿಚ್ಚಿದ್ದನ್ನು ಕಂಡವರಿಲ್ಲ. ನೇಕಾರರು ಹಾಸನ್ನು ಅವಳ ಮನೆ ಬಾಗಿಲಿಗೇ ತಂದಿಟ್ಟು ಹೋಗುತ್ತಿದ್ದರು.

ಈ ಹೆಸರು ಅವಳ ತಲೆಗೂ ಸ್ವಲ್ಪ ಏರಿತ್ತು ಎನ್ನಿ. ಓಣಿಯಲ್ಲಿ ಯಾರ ಚೀಲದ ಕಿವಿ ಹರಿದರೂ, ಯಾರ ಬಾವಿಯ ಹಗ್ಗ ಕಡಿದರೂ "ತರ್ರಿ ಇಲ್ಲೆ" ಎಂದು ಕಸಿದುಕೊಂಡು ಕೊಂಡಿ ಹಾಕುವಳು. ಹಾಕಿದ ಮೇಲೆ ಎರಡೂ ತುದಿ ಹಿಡಿದು ಜಗ್ಗಿ ತೋರಿಸುವಳು, ನಾವು ಗಟ್ಟಿ ಐತಿ ಎನ್ನಬೇಕು. ಎನ್ನದಿದ್ದರೆ ಆ ದಿನ ಅವಳ ಮನೆಯಲ್ಲಿ ಚಹಾ ಇಲ್ಲ.

ಅವಳ ಒಬ್ಬಳೇ ಮಗಳು ತಸ್ಲೀಮಾ. ಬಾಗಲಕೋಟೆಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ, ಅದೇ ಊರಿನ ಸಲ್ಮಾನನನ್ನು ಮದುವೆಯಾದವಳು. ಅವಳ ಚೊಚ್ಚಲ ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ತೂಕ ಕಡಿಮೆ, ಅಳುವುದಕ್ಕೂ ಶಕ್ತಿ ಇಲ್ಲ. ದವಾಖಾನೆಯಿಂದ ಬಿಡುವ ದಿನ ಹತ್ತಿರ ಬಂದಾಗ ಡಾಕ್ಟರು ಕೂಸನ್ನು ಬೆಚ್ಚಗಿಡಿ, ಆದರೆ ಕೋಣೆಯಲ್ಲಿ ಇದ್ದಲಿಯ ಶೆಗಡಿ ಮಾತ್ರ ಇಡಬೇಡಿ, ಹೊಗೆ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಬಾಣಂತಿಯ ಹೊರಸಿನ ಕೆಳಗೆ ಶೆಗಡಿ ಇಡದೆ ಚಳಿಗಾಲ ಕಳೆಯುವುದು ಹೇಗೆಂದು ನಮ್ಮ ಓಣಿಯ ಯಾವ ಹೆಂಗಸಿಗೂ ಗೊತ್ತಿರಲಿಲ್ಲ.

ಸಲ್ಮಾನನ ತಾಯಿ ದಸ್ತಗೀರಬಿ ತಾಯಿ ಮಗು ಇಬ್ಬರನ್ನೂ ಬಾಗಲಕೋಟೆಯಲ್ಲೇ ಇರಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದಳು. ಖೈರುನಬಿ ದವಾಖಾನೆಯ ವರಾಂಡದಲ್ಲೇ ಬೀಗತಿಯ ಕೈ ಹಿಡಿದು ಬೇಡಿಕೊಂಡಳು. ಕಡೆಗೆ ದಸ್ತಗೀರಬಿ ಒಪ್ಪಿದಳು, ಒಪ್ಪುತ್ತಲೇ ಎಚ್ಚರಿಕೆಯನ್ನೂ ಕೊಟ್ಟಳು.

"ಕರಕೊಂಡು ಹೋಗು ಖೈರು. ಆದ್ರ ಏನರ ಹೆಚ್ಚುಕಡಿಮಿ ಆತು ಅಂದ್ರ ನಾ ಬಂದು ಇಬ್ಬರನ್ನೂ ಕರಕೊಂಡು ಬರಾಕಿ. ಆವಾಗ ಅಳಬ್ಯಾಡ."

ಖೈರುನಬಿಯ ಹಟಕ್ಕೆ ಕಾರಣವಿತ್ತು. ತಸ್ಲೀಮಾಳಿಗಿಂತ ಮೊದಲು ಅವಳಿಗೆ ಒಂದು ಗಂಡು ಕೂಸು ಹುಟ್ಟಿ, ಇಂಥದೇ ಚಳಿಯಲ್ಲಿ, ಅದೇ ಮನೆಯ ಹಿಂದಿನ ಕೋಣೆಯಲ್ಲಿ ತೀರಿಕೊಂಡಿತ್ತು. ಚಳಿ ಹತ್ತಿತು ಎಂದರು ಕೆಲವರು. ಶೆಗಡಿಯ ಹೊಗೆ ಎಂದರು ಇನ್ನು ಕೆಲವರು. ಯಾವುದು ಖರೆ ಎಂದು ಯಾರೂ ಹೇಳಲಿಲ್ಲ, ಅವಳು ಕೇಳುವ ವಯಸ್ಸಿನವಳೂ ಆಗಿರಲಿಲ್ಲ. ಈ ಕೂಸು ತನ್ನ ಮನೆಯಲ್ಲಿ, ತನ್ನ ಕೈಯಲ್ಲಿ ಬಲಿಯಬೇಕು ಎನ್ನುವುದೊಂದೇ ಈಗ ಅವಳಿಗೆ ಬೇಕಾಗಿತ್ತು.

ಸಲ್ಮಾನ ಒಂದು ಸಾವಿರ ವ್ಯಾಟಿನ ಹೀಟರ್ ಕೊಂಡು ಕಳಿಸಿದ. ಅದರ ದಪ್ಪ ಪ್ಲಗ್ಗು ಕೂರುವ ಬೋರ್ಡು ಇದ್ದದ್ದು ಪಡಸಾಲೆಯಲ್ಲಿ. ಬಾಣಂತಿಯನ್ನು ಗಾಳಿ ಬೀಸುವ, ಹೋಗಿಬರುವವರು ಇಣುಕುವ ಪಡಸಾಲೆಯಲ್ಲಿ ಮಲಗಿಸುವುದುಂಟೆ? ಹಿಂದಿನ ಕೋಣೆಯೇ ಆಗಬೇಕು. ಅಲ್ಲಿಗೆ ಹೀಟರಿನ ವಾಯರು ಮುಟ್ಟುವುದಿಲ್ಲ. ಮಗಳು ದವಾಖಾನೆಯಿಂದ ಬರುವ ಹಿಂದಿನ ದಿನ ಖೈರುನಬಿ ಹೀಟರಿನ ಪ್ಲಗ್ಗು ಕತ್ತರಿಸಿ ತೆಗೆದು, ಕೆಟ್ಟುಹೋದ ಇಸ್ತ್ರಿ ಪೆಟ್ಟಿಗೆಯ ಉದ್ದನೆಯ ವಾಯರನ್ನು ಅದಕ್ಕೆ ಜೋಡಿಸಿದಳು. ತಾಮ್ರದ ಸಣ್ಣ ಎಳೆಗಳನ್ನು ಕಂಡ ಅವಳ ಬೆರಳುಗಳು ತಮಗೆ ಗೊತ್ತಿದ್ದನ್ನೇ ಮಾಡಿದವು. ಎಳೆ ಬಿಡಿಸಿ, ಕುಣಿಕೆ ಮಾಡಿ, ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ, ಮೇಲೆ ಕರಿ ಟೇಪು ಸುತ್ತಿದಳು. ಗ್ರಾನೈಟ್ ಪಾಲಿಶ್ ಕಾರ್ಖಾನೆಯಿಂದ ಮನೆಗೆ ಬಂದ ಗಂಡ ಇಮಾಮಸಾಬನ ಕೈಗೆ ಕೊಟ್ಟು ಜಗ್ಗಿಸಿದಳು. ಅವನು ಗಟ್ಟಿ ಐತಿ ಎಂದ. ಕಾಲಿಗೆ ತೊಡರಬಾರದೆಂದು ವಾಯರನ್ನು ಕೂಸಿನ ಕೌದಿಯ ಅಂಚಿನ ಕೆಳಗೆ ಹಾಯಿಸಿದರು.

ಹೀಟರ್ ಚೆನ್ನಾಗಿಯೇ ಕೆಂಪಗಾಯಿತು. ಕೂಸಿನ ಕೈಕಾಲು ಬೆಚ್ಚಗಾದವು. ಖೈರುನಬಿ ಬಾಗಲಕೋಟೆಗೆ ಫೋನು ಹಚ್ಚಿ ಬೀಗತಿಗೆ ಅದನ್ನೇ ಮತ್ತೆ ಮತ್ತೆ ಹೇಳಿದಳು.

ಕೆಲವು ದಿನಗಳಲ್ಲಿ ಕೋಣೆಯಲ್ಲಿ ಒಂದು ವಾಸನೆ ಶುರುವಾಯಿತು. ಏನೋ ಸೀದ ಹಾಗೆ, ಆದರೆ ಸೀದದ್ದು ಏನೂ ಇಲ್ಲ. ಬಾಣಂತಿಯ ಮನೆ ಎಂದರೆ ಹತ್ತು ವಾಸನೆ. ಡಾಕ್ಟರಿಗೆ ಹೆದರಿ ಖೈರುನಬಿ ಲೋಬಾನದ ಧೂಪವನ್ನು ಹೊಸಿಲಾಚೆಗಷ್ಟೇ ಹಾಕುತ್ತಿದ್ದಳು, ಅಜವಾನ ಹುರಿಯುತ್ತಿದ್ದಳು, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸುತ್ತಿದ್ದಳು. ಇದರಲ್ಲಿ ಯಾವುದು ಯಾವುದರ ವಾಸನೆ ಎಂದು ಬಿಡಿಸಿ ಹೇಳುವ ಮೂಗು ನಮ್ಮ ಓಣಿಯಲ್ಲಿ ಇರಲಿಲ್ಲ. ಇಮಾಮಸಾಬ ಹೀಟರ್ ಹೊಸದು, ಅದಕ್ಕೇ ನಾರುತ್ತದೆ ಎಂದ. ಖೈರುನಬಿ ನಮ್ಮ ಅಡಿಗೆಮನೆಯ ಮೇಲೆ ಸಂಶಯ ತೋರಿಸಿದಳು. ನಾನು ಸಿಟ್ಟಿಗೆದ್ದು ಒಂದು ದಿನ ಅವರ ಮನೆಗೆ ಹೋಗಲೇ ಇಲ್ಲ.

ಕಡೆಗೆ ಇಮಾಮಸಾಬ ಕಾರ್ಖಾನೆಯ ಎಲೆಕ್ಟ್ರಿಶಿಯನ್ ಕನಕಪ್ಪನನ್ನು ಕರೆತಂದ. ಕನಕಪ್ಪ ಪ್ಲಗ್ಗು ಕಿತ್ತು, ವಾಯರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಲವಾಗಿ ಜಗ್ಗಿದ. ಕೊಂಡಿ ಬಿಚ್ಚಲಿಲ್ಲ. ಜಗ್ಗಿಟ್ಟುಕೊಂಡೇ ಕರೆಂಟಿಗೆ ತಡೆ ಎಷ್ಟಿದೆಯೆಂದು ನೋಡಲು ಮೀಟರ್ ಹಚ್ಚಿದ. ಸೊನ್ನೆ.

"ಜೋಡಣಿ ಪಕ್ಕಾ ಐತ್ರಿ. ಯಾರ ಮಾಡಿದ್ದಿದು?"

"ನಾನ" ಎಂದಳು ಖೈರುನಬಿ. ಅವಳ ಮುಖ ನೋಡಬೇಕಿತ್ತು.

"ಹಂಗಾರ ಹೀಟರದ್ದ ಏನರ ಇರಬೇಕು. ಇದು ಭಾಳ ಸರಳ" ಎಂದ ಕನಕಪ್ಪ, ಚಹಾ ಕುಡಿದು ಹೋದ.

ಮರುದಿನ ಇಳಿಹೊತ್ತು ನಾನು ಅವರಲ್ಲಿದ್ದೆ. ಮನೆಯಲ್ಲಿ ತಾಯಿ ಮಗಳು ಉರ್ದು ಆಡುತ್ತಾರೆ, ನಾನು ಹೋದರೆ ನನಗಾಗಿ ಕನ್ನಡಕ್ಕೆ ತಿರುಗುತ್ತಾರೆ. ತಸ್ಲೀಮಾ ಕೂಸಿನ ಕೌದಿಗೆ ಕೈ ಆಡಿಸಿ, "ಅಮ್ಮಾ, ಉಚ್ಚಿ ಹೊಯ್ದೈತಿ ನೋಡ, ಬೆಚ್ಚಗ ಹತ್ತತೈತಿ" ಎಂದಳು. ಮತ್ತೆ ಮುಟ್ಟಿ ನೋಡಿದಳು. ಕೌದಿ ಬೆಚ್ಚಗಿತ್ತು, ಒಣಗಿತ್ತು. ಎತ್ತಿದರೆ ಕೆಳಗಿನ ಪದರು ಕಂದು ಬಣ್ಣಕ್ಕೆ ತಿರುಗಿತ್ತು, ವಾಯರಿನ ಟೇಪು ಕರಗಿ ಅಂಟಿಕೊಂಡಿತ್ತು. ಕೂಸಿನ ಕಾಲು ಅಲ್ಲಿಂದ ಒಂದು ಗೇಣು ದೂರ.

ಸ್ವಿಚ್ ಆರಿಸಿ, ಕೂಸನ್ನು ಎತ್ತಿ ಪಡಸಾಲೆಗೆ ಒಯ್ದೆವು. ತಸ್ಲೀಮಾ ಗಾಬರಿಯಲ್ಲಿ ಗಂಡನಿಗೆ ಫೋನು ಮಾಡಿದಳು. ಆ ಕಡೆ ದಸ್ತಗೀರಬಿ ಕೇಳಿಸಿಕೊಂಡೇಬಿಟ್ಟಳು. ನಾಳೆ ಮುಂಜಾನೆಯ ಬಸ್ಸಿಗೆ ಹೊರಟು ಬರುತ್ತೇನೆ, ಬಟ್ಟೆ ಕಟ್ಟಿಡು ಎಂದಳು.

ಖೈರುನಬಿ ಮಗಳ ಎದುರಿಗೆ ಬಂದು ಕೂತಳು. "ಕನಕಪ್ಪ ಹೇಳ್ಯಾನಲ್ಲ, ನನ್ನ ಕೊಂಡಿ ಪಕ್ಕಾ ಐತಿ. ಹೀಟರ ಕೆಟ್ಟೈತಿ" ಎಂದಳು.

"ಹೀಟರ ಕೆಟ್ಟಿದ್ರ ಅದನ್ನ ಎಲ್ಲೂ ಹಚ್ಚಾಕ ಬರೂದಿಲ್ಲ. ಮತ್ತ ಶೆಗಡೀನ ಗತಿ. ಅತ್ತಿ ಬಂದಾಗ ಏನಂತ ಹೇಳೂದು? ಕೊಂಡಿ ಕೆಟ್ಟಿದ್ರ ಹೀಟರ ಪಡಸಾಲ್ಯಾಗ ಪರದಾ ಕಟ್ಟಿ ನೇರ ಹಚ್ಚಬಹುದು" ಎಂದಳು ತಸ್ಲೀಮಾ. ಕೂಸು ಇಲ್ಲಿ ಉಳಿಯುವುದೋ ಹೋಗುವುದೋ ಎನ್ನುವುದು ಈಗ ತಪ್ಪು ಯಾವುದರದು ಎನ್ನುವುದರ ಮೇಲೆ ನಿಂತಿತು.

ಅವಳು ತನ್ನ ಡಿಪ್ಲೊಮಾ ಕಾಲದ ಮೀಟರ್ ಹುಡುಕಿ ತೆಗೆದಳು. ಪ್ಲಗ್ಗು ಕಿತ್ತ ವಾಯರು ನೆಲದ ಮೇಲೆ ಇದ್ದ ಹಾಗೆಯೇ ಇರಲು, ಕೊಂಡಿಯ ಎರಡೂ ಬದಿಗೆ ಮೊನೆ ಚುಚ್ಚಿ ರೋಧ, ಎಂದರೆ ತಡೆ, ಅಳೆದಳು. ಒಂದೂವರೆ ಓಮ್.

"ನಿನ್ನಿ ಸೊನ್ನಿ ಇತ್ತು!" ಎಂದು ಖೈರುನಬಿ ವಾಯರನ್ನು ಕಸಿದು ಜಗ್ಗಿದಳು. ಮೀಟರ್ ಸೊನ್ನೆಗೆ ಬಂತು. ಕೆಳಗಿಟ್ಟಳು, ಒಂದೂವರೆ. ಜಗ್ಗಿದಳು, ಸೊನ್ನೆ.

"ನಿನ್ನ ಮೀಟರ ಕೆಟ್ಟೈತಿ" ಎಂದಳು. ಆ ಕ್ಷಣಕ್ಕೆ ನನಗೂ ಹಾಗೆಯೇ ಅನಿಸಿತು.

"ಇರ್ಲಿ. ಒಂದೂವರಿ ಅಂತನ ಹಿಡಿಯೂನು. ಅದೇನು ರೋಧ ಅಲ್ರಿ ಅಕ್ಕಾರ, ಏನೂ ಅಲ್ಲ. ಹೀಟರಿಂದು ಐವತ್ಮೂರು ಐತಿ" ಎಂದು ತಸ್ಲೀಮಾ ಮೊಬೈಲಿನಲ್ಲಿ ಲೆಕ್ಕಕ್ಕೆ ಇಳಿದಳು. "ವೋಲ್ಟಿನ ವರ್ಗ ಭಾಗ ರೋಧ. ಇನ್ನೂರಾ ಇಪ್ಪತ್ತರ ವರ್ಗ, ಭಾಗ ಒಂದೂವರಿ. ಮೂವತ್ತೆರಡು ಸಾವಿರದ ಮ್ಯಾಲ ಬಂತ್ರಿ."

"ಏನು ಮೂವತ್ತೆರಡು ಸಾವಿರ?"

"ವ್ಯಾಟ್."

ಹೀಟರ್ ಒಂದು ಸಾವಿರ ವ್ಯಾಟಿನದು. ಕೊಂಡಿ ಮೂವತ್ತೆರಡು ಹೀಟರಿನಷ್ಟು ಉರಿಯುತ್ತಿದ್ದರೆ ಕೌದಿಯೇನು, ಓಣಿಯೇ ಉಳಿಯುತ್ತಿರಲಿಲ್ಲ. ನನಗೆ ನಗು ಬಂತು, ನಕ್ಕದ್ದಕ್ಕೆ ನಾಚಿಕೆಯೂ ಆಯಿತು. ಇನ್ನೊಂದು ಸೂತ್ರ ಇರಬೇಕಲ್ಲ ಎಂದೆ. ಇತ್ತು. ಪ್ರವಾಹದ, ಅಂದರೆ ಹರಿಯುವ ಕರೆಂಟಿನ, ವರ್ಗವನ್ನು ರೋಧದಿಂದ ಗುಣಿಸಬೇಕು. ಆದರೆ ಪ್ರವಾಹ ಎಷ್ಟೆಂದು ಅಳೆಯುವ ಉಪಕರಣ ಅವಳಲ್ಲಿರಲಿಲ್ಲ. ಅಷ್ಟರಲ್ಲಿ ಖೈರುನಬಿ ಒಂದು ಪ್ರಶ್ನೆ ಕೇಳಿದಳು.

"ರೋಧ ಕಡಿಮಿ ಆದ್ರ ಬಿಸಿ ಹೆಚ್ಚೋ, ಕಡಿಮಿಯೋ?"

ತಸ್ಲೀಮಾ ಎರಡೂ ಸೂತ್ರ ಬಾಯಲ್ಲಿ ಹೇಳಿಕೊಂಡಳು. ಮೊದಲ ಸೂತ್ರದ ಪ್ರಕಾರ ರೋಧ ಕಡಿಮೆಯಾದರೆ ಬಿಸಿ ಹೆಚ್ಚು, ಏಕೆಂದರೆ ಅದರಿಂದ ಭಾಗಿಸುತ್ತೇವೆ. ಎರಡನೆಯದರ ಪ್ರಕಾರ ರೋಧ ಕಡಿಮೆಯಾದರೆ ಬಿಸಿಯೂ ಕಡಿಮೆ, ಏಕೆಂದರೆ ಅದರಿಂದ ಗುಣಿಸುತ್ತೇವೆ. ಎರಡೂ ಒಂದೇ ಪುಸ್ತಕದ ಒಂದೇ ಪುಟದಲ್ಲಿವೆಯಂತೆ. ವ್ಯಾಕರಣ ಇಂಥ ಎರಡು ನಾಲಿಗೆಯ ಮಾತಾಡಿದ್ದರೆ ನಾನು ಅದನ್ನು ಕಲಿಸುವುದನ್ನೇ ಬಿಟ್ಟುಬಿಡುತ್ತಿದ್ದೆ.

"ಪರೀಕ್ಷಾದಾಗ ಎರಡೂ ಬರದು ಮಾರ್ಕ್ಸ್ ತಗೊಂಡೀನಿ. ಈಗ ತಲಿ ಓಡವಲ್ದು" ಎಂದು ತಸ್ಲೀಮಾ ಅತ್ತಳು. ಕೂಸೂ ಅತ್ತಿತು. ಖೈರುನಬಿ ಇಬ್ಬರನ್ನೂ ಒಂದೇ ಚಾದರದಲ್ಲಿ ಸುತ್ತಿ ತನ್ನ ಮಗ್ಗುಲಿಗೆ ಎಳೆದುಕೊಂಡಳು.

ಇಮಾಮಸಾಬ ಕೇಳಿಕೊಂಡಿದ್ದರಿಂದ ಮುಂಜಾನೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಕನಕಪ್ಪ ಪ್ರವಾಹ ಅಳೆಯುವ ಮೀಟರನ್ನು ಕೊಟ್ಟುಹೋದ. ವಾಯರಿನೊಳಗಿನ ಒಂದು ತಂತಿಯನ್ನು ಅದರ ಬಾಯಿಯೊಳಗೆ ಹಿಡಿಸಿದರೆ ಸಾಕು, ಎಷ್ಟು ಹರಿಯುತ್ತದೆಂದು ಹೇಳುತ್ತದೆ. ಕೂಸನ್ನು ನನ್ನ ತೊಡೆಗೆ ಕೊಟ್ಟು, ತಸ್ಲೀಮಾ ಹಿಂದಿನ ಕೋಣೆಯಲ್ಲಿ ರಬ್ಬರಿನ ಚಪ್ಪಲಿ ಮೆಟ್ಟಿ ಹಲಗೆಯ ಮೇಲೆ ನಿಂತಳು. ಎಲ್ಲ ಜೋಡಿಸಿಟ್ಟ ಮೇಲೆಯೇ ಸ್ವಿಚ್ ಹಾಕಿಸಿದಳು. ಬೋರ್ಡಿನಲ್ಲಿ ಇನ್ನೂರ ಇಪ್ಪತ್ತು ವೋಲ್ಟು. ವಾಯರಿನಲ್ಲಿ ನಾಲ್ಕು ಆಂಪಿಯರ್. ಕೊಂಡಿಯ ಈ ಬದಿಯಿಂದ ಆ ಬದಿಗೆ ಆರು ವೋಲ್ಟು.

"ಆರು!" ಎಂದು ಕೂಗಿದಳು ತಸ್ಲೀಮಾ. "ಇನ್ನೂರಾ ಇಪ್ಪತ್ತಲ್ಲ, ಆರು! ಇನ್ನೂರಾ ಇಪ್ಪತ್ತು ಇಡೀ ದಾರೀದು ಅಕ್ಕಾರ. ಅದ್ರಾಗ ಕೊಂಡಿ ಪಾಲಿಗೆ ಬಂದದ್ದು ಆರ. ಉಳದದ್ದೆಲ್ಲಾ ಹೀಟರಿಗೆ. ನಾ ಇಡೀ ವೋಲ್ಟು ಒಯ್ದು ಕೊಂಡಿ ಮ್ಯಾಲ ಹಾಕಿದ್ದೆ."

ಆರನ್ನು ನಾಲ್ಕರಿಂದ ಭಾಗಿಸಿದರೆ ಒಂದೂವರೆ ಓಮ್. ಮೀಟರ್ ಕೆಟ್ಟಿರಲಿಲ್ಲ. ಆರನ್ನು ನಾಲ್ಕರಿಂದ ಗುಣಿಸಿದರೆ ಇಪ್ಪತ್ನಾಲ್ಕು ವ್ಯಾಟ್. ನಾಲ್ಕರ ವರ್ಗಕ್ಕೆ ಒಂದೂವರೆ ಗುಣಿಸಿದರೂ ಇಪ್ಪತ್ನಾಲ್ಕು. ಆರರ ವರ್ಗವನ್ನು ಒಂದೂವರೆಯಿಂದ ಭಾಗಿಸಿದರೂ ಇಪ್ಪತ್ನಾಲ್ಕೇ. ನಿನ್ನೆ ಜಗಳವಾಡಿದ ಎರಡು ಸೂತ್ರಗಳೂ ಒಂದೇ ಉತ್ತರ ಕೊಟ್ಟವು. ಅವಕ್ಕೆ ಕೊಂಡಿಯ ವೋಲ್ಟು, ಕೊಂಡಿಯ ಪ್ರವಾಹ, ಕೊಂಡಿಯ ರೋಧ ಬೇಕಾಗಿತ್ತು. ಇಡೀ ಮನೆಯ ವೋಲ್ಟನ್ನು ತಂದು ಕೊಂಡಿಗೆ ಹಚ್ಚಿದ್ದೇ ತಪ್ಪಾಗಿತ್ತು. ರೋಧ ಚಿಕ್ಕದಾದ್ದರಿಂದ ಅದು ಪ್ರವಾಹವನ್ನು ತಡೆಯುವುದಿಲ್ಲ, ಎಷ್ಟು ಹರಿಯಬೇಕೆಂದು ಹೀಟರೇ ನಿರ್ಧರಿಸುತ್ತದೆ. ಹರಿಯುವ ನಾಲ್ಕು ಆಂಪಿಯರೂ ಕೊಂಡಿಯ ಮೇಲೆಯೇ ಹಾಯಬೇಕು. ಅಲ್ಲಿ ರೋಧ ಹೆಚ್ಚಿದಷ್ಟೂ ಬಿಸಿ ಹೆಚ್ಚುತ್ತದೆ. ಇದಿಷ್ಟೂ ತಸ್ಲೀಮಾ ಹೇಳಿದ್ದು. ನಾನು ತಲೆಯಾಡಿಸಿದೆ, ಪೂರ್ತಿ ತಿಳಿದಿತ್ತೆಂದು ಆಣೆ ಮಾಡಲಾರೆ.

"ಇಪ್ಪತ್ನಾಲ್ಕ ವ್ಯಾಟ್ ಅಂದ್ರ ಭಾಳ ಏನು?" ಎಂದಳು ಖೈರುನಬಿ.

"ರೇಡಿಯೋ ರಿಪೇರಿ ಮಾಡೋರು ಸೀಸಾ ಕರಗಸ್ತಾರಲ್ಲಮ್ಮ, ಆ ಬೆಸುಗಿ ಕಡ್ಡಿ ಅಷ್ಟ ಇರತೈತಿ. ಹೀಟರ ತನ್ನ ಬಿಸಿ ಗಾಳಿಗೆ ಬಿಡತೈತಿ. ಇದು ಬೆರಳಿನಷ್ಟ ಜಾಗಾದಾಗ, ಅದೂ ಕೌದಿ ಕೆಳಗ."

"ಆದ್ರ ಗಟ್ಟಿ ಐತಲ್ಲ? ಕನಕಪ್ಪ ಜಗ್ಗಿದ, ನಿಮ್ಮಪ್ಪ ಜಗ್ಗಿದ."

ತಸ್ಲೀಮಾ ಮಗ್ಗದ ಒಣ ಕೋಲೊಂದನ್ನು ತರಿಸಿ, ವಾಯರಿನ ಕೆಳಗೆ ತೂರಿಸಿ ಮೆಲ್ಲಗೆ ಎತ್ತಿದಳು. ವಾಯರು ಬಿಗಿಯಾದದ್ದೇ ಆರು ವೋಲ್ಟು ಇಳಿದು ಇಲ್ಲವೆನ್ನುವಷ್ಟಾಯಿತು. ಕೋಲು ಇಳಿಸಿದಳು, ಮತ್ತೆ ಆರು. ಸ್ವಿಚ್ ಆರಿಸಿಸಿದಳು.

ಮಗ್ಗದ ಮೇಲೆ ಹಾಸು ಯಾವತ್ತೂ ಬಿಗಿದೇ ಇರುತ್ತದೆ. ನೆಲದ ಮೇಲೆ ಬಿದ್ದ ವಾಯರನ್ನು ಜಗ್ಗುವವರು ಯಾರು? ಸಡಿಲಾದ ಕುಣಿಕೆಗಳು ಒಂದನ್ನೊಂದು ಮುಟ್ಟಿಯೂ ಮುಟ್ಟದ ಹಾಗೆ ಕೂತಿದ್ದವು, ನೋಡಲು ಬಂದವರು ಎತ್ತಿ ಜಗ್ಗಿದಾಗ ಮಾತ್ರ ಬಿಗಿಯುತ್ತಿದ್ದವು. ಖೈರುನಬಿಗೆ ವೋಲ್ಟು ಗೊತ್ತಿಲ್ಲ, ಓಮ್ ಗೊತ್ತಿಲ್ಲ. ಆದರೆ ಬಿಗಿ ಸಡಿಲು ಅವಳಿಗಿಂತ ಚೆನ್ನಾಗಿ ಇಳಕಲ್ಲಿನಲ್ಲಿ ಯಾರಿಗೆ ಗೊತ್ತು? ಅವಳ ಮುಖ ನೋಡಿಯೇ ನನಗೆ ಸಂಕಟವಾಯಿತು.

"ಕೂಸಿನ ಕಾಲಡಿ ಬೆಂಕಿ ಇಟ್ಟಾಕಿ ನಾನ ಹಂಗಾರ" ಎಂದಳು.

ಅಲ್ಲ ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು, ಹೇಳುವಾಗ ಇಬ್ಬರೂ ಅವಳ ಮುಖ ನೋಡಲಿಲ್ಲ. ತಸ್ಲೀಮಾ ಆ ವಾಯರನ್ನು ಕತ್ತರಿಸಿ ಎಸೆದು, ಹೀಟರಿಗೆ ಸರಿಯಾಗಿ ಹೊಸ ಪ್ಲಗ್ಗು ಹಾಕಿ ಪಡಸಾಲೆಯಲ್ಲಿ ಹಚ್ಚಿದಳು. ಹೀಟರಿನದು ಏನೂ ತಪ್ಪಿರಲಿಲ್ಲ. ನಾನು ಕೂಸನ್ನು ಖೈರುನಬಿಯ ತೊಡೆಗೆ ಕೊಡಲು ಹೋದರೆ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡುಬಿಟ್ಟಳು.

"ಬ್ಯಾಡ್ರಿ ಅಕ್ಕಾರ. ಈ ಕೈ ಬ್ಯಾಡ."

ದಸ್ತಗೀರಬಿ ಬಂದಾಗ ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಬಸ್ಸಿನ ಕಿಟಕಿಯ ಗಾಜು ಒಡೆದಿತ್ತಂತೆ, ಬಾಗಲಕೋಟೆಯಿಂದ ಇಳಕಲ್ಲಿನವರೆಗೂ ಗಾಳಿಗೆ ಕೂತು ಬಂದಿದ್ದಳು. ಕೂಸಿನ ಬಟ್ಟೆ ತುಂಬಲೆಂದು ತಂದ ಖಾಲಿ ಚೀಲವನ್ನು ಕಂಬಕ್ಕೆ ಒರಗಿಸಿ, ಏನಾಯಿತೆಂದು ಕೇಳಿದಳು. ತಸ್ಲೀಮಾ ಹೀಟರ್ ಸರಿಹೋಯಿತು ಎಂದಷ್ಟೇ ಹೇಳಿ ಮುಗಿಸಬೇಕೆಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಖೈರುನಬಿ ಮುಂದೆ ಬಂದು ನಿಂತಳು.

"ನಾ ಹಾಕಿದ ಕೊಂಡಿ ಸುಟ್ಟೈತ್ರಿ ಅಕ್ಕಾ. ಹೀಟರದ್ದು ತಪ್ಪಿಲ್ಲ. ಇಪ್ಪತ್ನಾಲ್ಕು ವ್ಯಾಟ್ ಅಂತ, ಕೂಸಿನ ಕಾಲ ಹತ್ರ. ಕರಕೊಂಡು ಹೋಗ್ರಿ. ನಾ ಅಳೂದಿಲ್ಲ."

"ಇಪ್ಪತ್ನಾಲ್ಕು ಏನು?" ಎಂದಳು ದಸ್ತಗೀರಬಿ. ತಸ್ಲೀಮಾ ಹೇಳಲು ಹೋದಳು. ಆರು ಎಂದಳು, ನಾಲ್ಕು ಎಂದಳು, ತಾನೇ ಮೊದಲು ಒಂದೂವರೆ ಓಮ್ ಏನೂ ಅಲ್ಲ ಅಂದದ್ದನ್ನೂ ಹೇಳಿದಳು, ಕನಕಪ್ಪ ಪಕ್ಕಾ ಐತಿ ಅಂದದ್ದನ್ನೂ ಹೇಳಿದಳು. ದಸ್ತಗೀರಬಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಯ್ಯಲು ಸಿದ್ಧಳಾಗಿ ಬಂದವಳಿಗೆ ಯಾರನ್ನು ಬಯ್ಯಬೇಕೆಂದು ತಿಳಿಯದೆ ಹೋದಂತೆ ಕಂಡಿತು.

ಅವಳು ನನ್ನ ತೊಡೆಯಿಂದ ಕೂಸನ್ನು ಎತ್ತಿಕೊಂಡಳು. ಅದು ಬೆಚ್ಚಿಬಿದ್ದು, ಕೈಕಾಲು ಮುದುಡಿ, ಹುಟ್ಟಿದಾಗಿನಿಂದ ನಾವು ಕೇಳಿರದ ದನಿಯಲ್ಲಿ ಚೀರಿತು. ದಸ್ತಗೀರಬಿ ಅದನ್ನು ಎದೆಗೆ ಒತ್ತಿಕೊಂಡಳು, ಈ ತೋಳಿನಿಂದ ಆ ತೋಳಿಗೆ ಬದಲಿಸಿದಳು. ಅಳು ನಿಲ್ಲಲಿಲ್ಲ. ಅವಳು ಖೈರುನಬಿಯ ಎದುರಿಗೆ ಹೋಗಿ ನಿಂತಳು.

"ನನ್ನ ಕೈ ಥಣ್ಣಗ ಕೊರಿಯಾಕ ಹತ್ಯಾವ. ಸೆರಗಿನಾಗಿಂದ ಕೈ ತಗಿ. ಹಿಡಿ ಇದನ್ನ."

ಅದು ಕ್ಷಮಿಸಿದ ಮಾತೋ, ಕೈ ಬೆಚ್ಚಗಾಗುವ ತನಕದ ಮಾತೋ, ನಮಗಾರಿಗೂ ತಿಳಿಯಲಿಲ್ಲ. ಖೈರುನಬಿಗೂ ತಿಳಿಯಲಿಲ್ಲ. ಅವಳು ಕೈ ಹೊರಗೆ ತೆಗೆದು ಹಿಡಿದುಕೊಂಡಳು. ಕೂಸು ಸುಮ್ಮನಾಯಿತು. ಅಳುವುದಿಲ್ಲ ಎಂದು ಹೇಳಿದ್ದವಳು ಆಗ ಅತ್ತಳು.